ಹುಳ ತಿಂದ ಚೌಕಳಿ

ಟಣ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಣ್. ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನ ಕಾಂಪೌಂಡಿನಾಚೆ ಯಾರೋ ಬೋಗಿಯ ಗಾಲಿಗಳನ್ನು ಸುತ್ತಿಗೆಯಿಂದ ಬಡಿದು ನೋಡುತ್ತಿದ್ದರು. ಬಿರುಕಿಲ್ಲದ ಗಾಲಿ ಗುಡಿಯ ಗಂಟೆಯ ಹಾಗೆ ಉಲಿಯುತ್ತದೆ. ಬಿರುಕಿದ್ದರೆ ಒಡೆದ ಮಡಕೆ ತಟ್ಟಿದ ಹಾಗೆ ಸದ್ದು ಹುಟ್ಟಿದಲ್ಲೇ ಸತ್ತುಹೋಗುತ್ತದೆ. ಗಂಗಾಧರಪ್ಪ ಅದೇ ವರ್ಕ್‌ಶಾಪಿನಲ್ಲಿ ಆಯುಷ್ಯ ಕಳೆದು ನಿವೃತ್ತನಾದವನು. ಈಗಲೂ ಬೆಳಿಗ್ಗೆ ಹಾಸಿಗೆಯಲ್ಲಿ ಕಣ್ಣು ಮುಚ್ಚಿಕೊಂಡೇ ಪ್ರತಿ ಏಟಿಗೂ ತೀರ್ಪು ಕೊಡುತ್ತಿದ್ದ.

"ಸರಿ ಐತಿ. ಹ್ಞಾಂ, ಇದೂ ಸರಿ ಐತಿ."

"ನಿಮ್ಮನ್ನ ಯಾರೂ ಕೇಳವಲ್ರು," ಹೆಂಡತಿ ಸುವರ್ಣಮ್ಮ ಅಡುಗೆಮನೆಯಿಂದ ಹೇಳಿದಳು. "ಎದ್ದು ಹಾಲರ ತರ್ರಿ."

ಅವಳ ಸ್ನಾನ ಆಗಿತ್ತು. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ವಿಭೂತಿ ಹಚ್ಚಿ, ಪೂಜೆ ಮುಗಿಸಿ, ಮತ್ತೆ ಕರಡಿಗೆಯೊಳಗಿಟ್ಟು ಕೊರಳಿಗೆ ಹಾಕಿಕೊಂಡಳು. ಆ ಕರಡಿಗೆಯ ಶಿವದಾರವನ್ನು ಅವಳೇ ಹೊಸೆದದ್ದು, ಅಂಗಡಿಯಲ್ಲಿ ಉಳಿದ ನೂಲಿನಿಂದ. ಇತ್ತೀಚೆಗೆ ಅಂಗೈಯ ಕಪ್ಪು ಲಿಂಗ ಬೂದಿಬಣ್ಣವಾಗಿ ಕಾಣತೊಡಗಿತ್ತು. ದೀಪದ ಸುತ್ತ ಒಂದು ಮಬ್ಬು ಬಳೆ. ಎರಡೂ ಕಣ್ಣಿಗೆ ಪೊರೆ ಬಂದಿದೆ, ಬೇಗ ತೆಗೆಸಿ ಎಂದು ಡಾಕ್ಟರು ಹೇಳಿದ್ದರು. ಕೈಯಲ್ಲಿರುವ ಕೆಲಸ ಮುಗಿಯಲಿ ಎಂದು ಅವಳು ಮುಂದೂಡುತ್ತಲೇ ಬಂದಿದ್ದಳು. ಆ ಕೆಲಸ ನಿನ್ನೆ ಮುಗಿದಿತ್ತು. ಮೈಯೆಲ್ಲ ಹಿಂಡಿ ಒಣಹಾಕಿದ ಬಟ್ಟೆಯ ಹಾಗಾಗಿತ್ತು.

ಅವಳದು ರಫೂ ಕೆಲಸ. ಬಟ್ಟೆಯಲ್ಲಿ ಎಳೆ ತಪ್ಪಿದ, ಹರಿದ, ಹುಳ ತಿಂದ ಕಡೆ ಅದೇ ಬಣ್ಣದ ನೂಲಿನಿಂದ ಉದ್ದೆಳೆಯ ಹಾಸಿಗೆ ಹಾಸು, ಅಡ್ಡೆಳೆಯ ಹೊಕ್ಕಿಗೆ ಹೊಕ್ಕು ಕೂಡಿಸಿ, ಅಲ್ಲಿ ಏನೂ ಆಗಿಯೇ ಇರಲಿಲ್ಲ ಎನ್ನುವಂತೆ ಮಾಡುವುದು. ಗುಳೇದಗುಡ್ಡದಿಂದ ಮದುವೆಯಾಗಿ ಮದರಾಸಿಗೆ ಬಂದಾಗ ಅವಳಿಗೆ ತಮಿಳು ಬರುತ್ತಿರಲಿಲ್ಲ, ಊರು ಗೊತ್ತಿರಲಿಲ್ಲ. ಅತ್ತೆ ಸಣ್ಣಮ್ಮ ಸೊಸೆಯನ್ನು ಮನೆಯಲ್ಲಿ ಒಂಟಿಯಾಗಿ ಬಿಡಲಾರದೆ ತನ್ನ ಜೊತೆ ಗೋಡೌನ್ ಸ್ಟ್ರೀಟಿಗೆ ಕರೆದುಕೊಂಡು ಹೋದಳು. ಅಲ್ಲಿ ಸಣ್ಣಮ್ಮನ ಹಿರಿಯ ಮಗನ ಜವಳಿ ಅಂಗಡಿ. ಕೆಳಗೆ ವ್ಯಾಪಾರ, ಮೇಲೆ ಗೋದಾಮು, ಗೋದಾಮಿನ ಕಿಟಕಿಯ ಬಳಿ ರಫೂ ಮೇಜು. ಸೊಸೆ ಅತ್ತೆಯ ಎದುರು ಕೂತು ಕಲಿತಳು.

"ತೂತು ನೋಡಬ್ಯಾಡವಾ," ಎನ್ನುತ್ತಿದ್ದಳು ಸಣ್ಣಮ್ಮ. "ತೂತಿನಾಗ ಏನೂ ಇರೂದಿಲ್ಲ. ಸುತ್ತಲಿನ ಬಟ್ಟಿ ನೋಡು. ತೂತಿನಾಗ ಏನಿತ್ತು ಅಂತ ಅದು ಹೇಳ್ತೈತಿ."

ಇನ್ನೊಂದು ಪಾಠವೂ ಇತ್ತು. ರಫೂ ಹಾಕಿದ ಪ್ರತಿ ಎಳೆಯ ತುದಿಯನ್ನೂ ಬಟ್ಟೆಯ ಹಿಂಬದಿಯಲ್ಲಿ ಅಕ್ಕಿನುಚ್ಚಿನಷ್ಟು ಬಾಲ ಬಿಟ್ಟು ಕತ್ತರಿಸಬೇಕು. ಒಗೆದಾಗ ಎಳೆ ಜಾರಿಹೋಗದಿರಲಿ ಎಂದು. ಬಾಲ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಮಾತ್ರ ತಾಕುತ್ತದೆ.

ಸಣ್ಣಮ್ಮ ಹೋದಳು. ಹಿರಿಯ ಮಗನೂ ಹೋದ. ಈಗ ಅಂಗಡಿ ಅವನ ಮಗ ರುದ್ರೇಶನದು. ಬಟ್ಟೆ ಮಾತ್ರ ಅದೇ. ಚೀರಾಲದ ಕಡೆಯ ಕೈಮಗ್ಗಗಳಲ್ಲಿ ನೇಯ್ದ ಕೆಂಪು, ನೀಲಿ, ಬಿಳಿ ಚೌಕಳಿ. ಚೆನ್ನೈಯಲ್ಲಿ ಅದನ್ನು ಉಡುವವರನ್ನು ಸುವರ್ಣಮ್ಮ ಕಂಡಿರಲಿಲ್ಲ. ಹಿಂದೆ ಅದು ಇಲ್ಲಿಂದ ಹಡಗೇರಿ ಲಂಡನ್ನಿಗೆ ಹೋಗಿ, ಅಲ್ಲಿಂದ ಇನ್ನೊಂದು ಹಡಗೇರಿ ಆಫ್ರಿಕಾದ ಪಶ್ಚಿಮ ದಂಡೆ ಮುಟ್ಟುತ್ತಿತ್ತಂತೆ. ಈಗ ನೇರವಾಗಿ ನೈಜೀರಿಯಾಕ್ಕೆ. ಅಲ್ಲಿಯವರು ಬಟ್ಟೆಯನ್ನು ಮೂಸಿ, ಅಂಚನ್ನು ನಾಲಿಗೆಗೆ ತಾಗಿಸಿ ನೋಡಿ ಅಸಲಿಯೋ ನಕಲಿಯೋ ಹೇಳುತ್ತಾರೆಂದು ಗೋದಾಮಿನಲ್ಲಿ ಕರ್ಪೂರ, ನುಸಿಗುಳಿಗೆ ಯಾವುದನ್ನೂ ಇಡುತ್ತಿರಲಿಲ್ಲ. ಅದಕ್ಕೇ ಹುಳದ ಕಾಟ. ಹುಳದ ಕಾಟಕ್ಕೇ ಸುವರ್ಣಮ್ಮ.

ಕಡಲು ದಾಟಿ ವಾಪಸ್ ಬಂದದ್ದೆಲ್ಲ ಅವಳ ಮೇಜಿಗೆ. ಅದು ಅಂಗಡಿಯ ರೂಢಿ. ಯಾರೂ ಏನೂ ಹೇಳಬೇಕಾಗಿರಲಿಲ್ಲ.

ಹಾಗೆಯೇ ಮಾರ್ಚ್ ಕಳೆದು ಪಂಗುನಿ ತಿಂಗಳ ಬಿಸಿಲು ಏರುವ ಹೊತ್ತಿಗೆ ಒಂದು ಹಳೆಯ ಬಟ್ಟೆ ಬಂದು ಮೇಜಿನ ಮೇಲೆ ಕೂತಿತ್ತು. ಇಲ್ಲಿ ಕಾಲೇಜು ಓದುವ ನೈಜೀರಿಯಾದ ಹುಡುಗನೊಬ್ಬ ಊರಿನಿಂದ ತಂದು ಕೊಟ್ಟದ್ದು. ರುದ್ರೇಶ ಹೊಸ ಬಟ್ಟೆ ನೇಯಿಸಲು ಚೀರಾಲಕ್ಕೆ ಹೊರಟಿದ್ದ. ಹೋಗುವ ಗಡಿಬಿಡಿಯಲ್ಲಿ ಅದರ ಫೋಟೋ ಹೊಡೆದುಕೊಂಡು ಹೋದ. ಸುವರ್ಣಮ್ಮ ಬಟ್ಟೆ ಬಿಡಿಸಿದಳು. ತೊಳೆದು ತೊಳೆದು ಹೆರಿಗೆಯ ಸೀರೆಯಷ್ಟು ಮೆತ್ತಗಾಗಿತ್ತು. ಹೊಗೆಯ ವಾಸನೆ, ಯಾವುದೋ ಎಣ್ಣೆಯ ವಾಸನೆ, ಮುಚ್ಚಿದ ಪೆಟ್ಟಿಗೆಯ ವಾಸನೆ. ಕಿಟಕಿಗೆ ಹಿಡಿದರೆ ತುಂಬ ತೂತು. ಬಿಳಿ ಎಳೆಗಳು ಅಲ್ಲಲ್ಲಿ ಇಲ್ಲವೇ ಇಲ್ಲ, ನೀಲಿ ಎಳೆಗಳು ಮಾತ್ರ ಗಟ್ಟಿ.

ಇಂಥದ್ದನ್ನು ಅವಳು ನೋಡಿದ್ದಳು. ಹಡಗಿನ ಹುಳ ಗಂಜಿಯ ಆಸೆಗೆ ಬಿಳಿ ಎಳೆ ತಿನ್ನುತ್ತದೆ, ನೀಲಿ ಕಹಿ ಎಂದು ಬಿಡುತ್ತದೆ. ಆದ್ದರಿಂದ ತೂತು ಚೌಕಳಿಯ ಲೆಕ್ಕದಲ್ಲೇ ಬೀಳುತ್ತದೆ. ಎಳೆಗಳ ತುದಿ ಸವೆದು ಜುಂಜಾಗಿತ್ತು, ಹಲ್ಲು ತಾಗಿದ ಹಾಗೆ. ಅವಳು ಸೂಜಿಗೆ ನೂಲು ಪೋಣಿಸಿದಳು.

"ಈ ಸಲದ ಹುಳಾ ಬಾಳ ಶಾಣ್ಯಾ ಐತ್ರೀ," ಎಂದು ರಾತ್ರಿ ಊಟಕ್ಕೆ ಬಡಿಸುತ್ತ ಗಂಡನಿಗೆ ಹೇಳಿದ್ದಳು. "ಸಾಲಿಗೆ ಸಾಲು ಹಿಡದು ತಿಂದೈತಿ."

"ರೇಲ್ವೆದಾಗ ಇದ್ದಿದ್ರ ಫೋರ್ಮನ್ ಮಾಡ್ತಿದ್ರು," ಎಂದಿದ್ದ ಗಂಗಾಧರಪ್ಪ.

ದಿನಾ ಬೆಳಕಿರುವಷ್ಟು ಹೊತ್ತು ಕೂತಳು. ಕತ್ತು ಹಿಡಿಯಿತು, ಕಣ್ಣು ನೀರಾಡಿತು, ಬಲಗೈ ಹೆಬ್ಬೆರಳಿನ ತುದಿ ಸೆಟೆದುಹೋಯಿತು. ಇಷ್ಟು ದೊಡ್ಡ ಕೆಲಸ ಇನ್ನು ತನ್ನಿಂದಾಗದು, ಇದೇ ಕಡೆಯದು ಎಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಅತ್ತೆ ಬದುಕಿದ್ದು ಪಕ್ಕದಲ್ಲಿ ಕೂತು ನೋಡುತ್ತಿದ್ದಾಳೋ ಎಂಬಂತೆ ಮಾಡಿದಳು. ಮೇ ತಿಂಗಳ ಅಗ್ನಿ ನಕ್ಷತ್ರದ ಬಿಸಿಲು ಶುರುವಾಗುವ ಹೊತ್ತಿಗೆ ಬಟ್ಟೆಯಲ್ಲಿ ಒಂದು ತೂತೂ ಉಳಿದಿರಲಿಲ್ಲ. ಮಡಚಿ, ಮೇಲೆ ಒಂದು ಬಿಳಿ ಪಂಚೆ ಮುಚ್ಚಿಟ್ಟು ಮನೆಗೆ ಬಂದಿದ್ದಳು.

ಈ ಬೆಳಿಗ್ಗೆ ಬಸ್ಸಿನಲ್ಲಿ ಕೂತಾಗ ಕಣ್ಣಿನ ಆಸ್ಪತ್ರೆಗೆ ಯಾವತ್ತು ಹೋಗುವುದೆಂದು ಯೋಚಿಸುತ್ತಿದ್ದಳು. ಗೋದಾಮಿನ ಮೆಟ್ಟಿಲು ಹತ್ತಿದಾಗ ರುದ್ರೇಶ ಬಂದುಬಿಟ್ಟಿದ್ದ, ಹೊಸ ಬಟ್ಟೆಯ ಥಾನುಗಳೊಂದಿಗೆ.

"ಚಿಗವ್ವಾ, ಆ ಹಳೇ ಬಟ್ಟಿ ಎಲ್ಲಿಟ್ಟೀರಿ?"

"ಅಲ್ಲೇ ಐತಿ ನೋಡು. ಮುಗಿಸಿ ಮಡಚಿ ಇಟ್ಟೀನಿ."

"ಏನ್ ಮುಗಿಸೀರಿ?"

ಅವನು ಪಂಚೆ ಸರಿಸಿ ಬಟ್ಟೆ ಬಿಡಿಸಿದ. ಕಿಟಕಿಗೆ ಹಿಡಿದ. ತಿರುಗಿಸಿ ಹಿಡಿದ. ಆಮೇಲೆ ಥಾನಿನ ಮೇಲೆಯೇ ಕೂತುಬಿಟ್ಟ.

"ಇದು ಹರದಿದ್ದಲ್ರೀ ಚಿಗವ್ವಾ. ಕತ್ತರಿಸಿದ್ದು."

"ಯಾರು ಕತ್ತರಿಸಿದ್ರು?"

"ಅವರೇ. ಅಲ್ಲಿ ಹೆಣ್ಮಕ್ಕಳು. ಬೇಕಂತನೇ ಕತ್ತರಸ್ತಾರ. ನಮ್ಮ ಚೌಕಳಿ ತಗೊಂಡು, ಸೂಜಿಲೆ ಒಂದೊಂದೇ ಎಳಿ ಎತ್ತಿ, ಬ್ಲೇಡ್‌ಲೆ ಕತ್ತರಿಸಿ ತಗೀತಾರ. ತಗದ ಮ್ಯಾಲ ಉಳೀತೈತಲ್ಲ, ಅದು ಚಿತ್ತಾರ."

ಫೋನು ತೆಗೆದು ಫೋಟೋ ತೋರಿಸಿದ. ಸುವರ್ಣಮ್ಮ ಅದನ್ನು ದೂರ ಹಿಡಿದಳು, ಹತ್ತಿರ ಹಿಡಿದಳು. ಇಷ್ಟು ದಿನ ಮೂಗಿನ ಬುಡದಲ್ಲಿಟ್ಟುಕೊಂಡು ನೋಡದೇ ಇದ್ದದ್ದು ಆ ಚಿಕ್ಕ ಗಾಜಿನಲ್ಲಿ ಕಂಡಿತು. ಸಾಲು ಸಾಲು ಬಾಚಣಿಗೆಗಳು. ಬಾಚಣಿಗೆಗಳ ನಡುವೆ ಆಮೆಯ ಬೆನ್ನಿನಂಥ ಮನೆಗಳು. ಬೆಳಕಿನಿಂದ ಬರೆದ ಹಾಗಿತ್ತು.

"ಮತ್ತ ನನಗ ಯಾಕ ಹೇಳಲಿಲ್ಲ?"

"ನಿಮಗ ಗೊತ್ತೈತಿ ಅನ್ಕೊಂಡೆ. ಮುತ್ತಜ್ಜನ ಕಾಲದಿಂದ ಅವರಿಗೆ ಬಟ್ಟಿ ಕಳಸಾಕತ್ತೀವಿ."

"ಕಳಿಸೀವಿ. ಹೋದ ಮ್ಯಾಲ ಏನ್ ಮಾಡ್ತಾರಂತ ಯಾರು ನೋಡ್ಯಾರ?"

ರುದ್ರೇಶ ಕರ್ಚೀಫಿನಿಂದ ಕತ್ತು ಒರೆಸಿಕೊಂಡ. ಬಟ್ಟೆ ಆ ಹುಡುಗನ ಅಕ್ಕನದು, ಹೆಸರು ಇಬಿಸೋ. ಅವರ ತಾಯಿ ತೀರಿಕೊಂಡಿದ್ದಾಳೆ. ಅಂತ್ಯಸಂಸ್ಕಾರಕ್ಕೆ ಇನ್ನೂ ಸಮಯವಿದೆ, ಅವರಲ್ಲಿ ತಿಂಗಳುಗಟ್ಟಲೆ ಕಾದು ಮಾಡುವುದು ರೂಢಿ. ಆವತ್ತು ಮನೆಯವರೆಲ್ಲ ಒಂದೇ ಚೌಕಳಿ ಉಡಬೇಕು, ಅದಕ್ಕೆ ಹೊಸ ಬಟ್ಟೆ. ತಾಯಿಯನ್ನು ಮಲಗಿಸುವ ಮಂಚದ ಮೇಲೆ ಮಾತ್ರ ಈ ಹಳೆಯದನ್ನೇ ಹಾಸಬೇಕು.

"ಆಕಿ ಅಜ್ಜಿ ಕೈಲೆ ಕತ್ತರಿಸಿದ್ದಂತ. ಬಣ್ಣಕ್ಕ ಬಣ್ಣ ಕೂಡಲಿ ಅಂತ ಕಳಿಸಿದ್ಲು. ಬರೂ ವಾರ ತಾನೇ ಬಂದು ಎರಡೂ ಒಯ್ತಾಳ."

ಕೆಳಗೆ ಬೀದಿಯಲ್ಲಿ ಯಾರೋ ತಲೆಹೊರೆಯವನು ದಾರಿ ಬಿಡಿ ಎಂದು ಕೂಗುತ್ತ ಹೋದ. ರುದ್ರೇಶ ಮೆಲ್ಲಗೆ ಶುರುಮಾಡಿದ. "ಹಿಂಗೇ ಕೊಟ್ಟು ಬಿಡೋಣು? ಛಲೋ ಆಗೇತಲ್ಲ, ಹೊಸದರಂಗ."

"ನಿಮ್ಮವ್ವನ ಫೋಟೋದ ಮ್ಯಾಲ ಸುಣ್ಣಾ ಬಳದು, ಗ್ವಾಡಿ ಛಲೋ ಆತಲ್ಲ ಅಂದ್ರ ಸುಮ್ಮನಿರ್ತಿ ಏನು?"

ಅವನು ತಲೆ ತಗ್ಗಿಸಿದ.

"ಬಿಚ್ಚತೀನಿ," ಎಂದಳು ಸುವರ್ಣಮ್ಮ. "ತಿರುಗಿ ಬಿಚ್ಚತೀನಿ ಎಲ್ಲಾ."

"ಕಣ್ಣು?"

"ಕಣ್ಣು ತುಂಬಾಕ ಬೇಕಿತ್ತು. ಬಿಚ್ಚಾಕ ಬಟ್ಟು ಸಾಕು."

ಬಟ್ಟೆಯನ್ನು ಮನೆಗೆ ತಂದಳು. ಗೋದಾಮಿನಲ್ಲಿ ಕೂತು ಬಿಚ್ಚಲು ಅವಳಿಗೆ ಮನಸ್ಸಾಗಲಿಲ್ಲ. ಬೆಳಿಗ್ಗೆ ಬಿಸಿಲು ಕಾಯುವ ಮುಂಚೆ ಮಾಳಿಗೆಯ ಮೇಲೆ ನೀರಿನ ಟ್ಯಾಂಕಿನ ನೆರಳಿನಲ್ಲಿ ಚಾಪೆ ಹಾಕಿಕೊಂಡಳು. ಬಟ್ಟೆಯ ಹಿಂಬದಿಯ ಮೇಲೆ ಬೆರಳು ಆಡಿಸಿದರೆ ತನ್ನ ಬಾಲಗಳು ಸಿಗುತ್ತಿದ್ದವು, ಒಂದರ ಹಿಂದೊಂದು. ಸೂಜಿಯಿಂದ ಮೀಟಿ, ಉಗುರಿನಿಂದ ಹಿಡಿದು ಎಳೆಯುತ್ತಿದ್ದಳು. ಒಂದು ಇಡೀ ಮಧ್ಯಾಹ್ನ ತಿಂದಿದ್ದ ಎಳೆ ಒಂದು ಉಸಿರಿನಲ್ಲಿ ಹೊರಗೆ ಬರುತ್ತಿತ್ತು. ಬಂದ ನೂಲುಗಳು ಸೆರಗಿನ ಮೇಲೆ ಗುಬ್ಬಿಗೂಡಿನ ಹಾಗೆ ಬಿದ್ದಿರುತ್ತಿದ್ದವು. ಸಿಟ್ಟು ಬರಬೇಕಿತ್ತು, ಅಳು ಬರಬೇಕಿತ್ತು. ಎರಡಕ್ಕೂ ಮೈಯಲ್ಲಿ ತ್ರಾಣವಿರಲಿಲ್ಲ.

ಗಂಗಾಧರಪ್ಪ ಚಹಾ ತಂದಿಟ್ಟು ಸ್ವಲ್ಪ ದೂರದಲ್ಲಿ ಕೂತ.

"ಹುಳಾ ವಾಪಸ್ ಬಂತೇನು?"

ಅವಳು ಇನ್ನೊಂದು ಎಳೆ ಎಳೆದಳು. ಅವನು ತನ್ನ ಜೋಕನ್ನು ತಾನೇ ನುಂಗಿಕೊಂಡು, ಅವಳ ಸೆರಗಿನ ಮೇಲಿನ ನೂಲುಗಳನ್ನು ಆರಿಸಿ ಒಂದು ಡಬ್ಬಿಗೆ ಹಾಕತೊಡಗಿದ.

ಭಾನುವಾರ ಮಗಳು ಶರಣ್ಯಾ ಬಂದಳು. ಪೆರುಂಗುಡಿಯ ಆಫೀಸಿನ ಹತ್ತಿರವೇ ಗೆಳತಿಯರೊಂದಿಗೆ ಇರುವವಳು. ಕನ್ನಡ ಎಲ್ಲ ತಿಳಿಯುತ್ತದೆ, ಬಾಯಿಗೆ ಬರುವುದು ತಮಿಳು.

"ಎನ್ನಮ್ಮಾ ಇದು," ಎಂದಳು ತಾಯಿಯ ಕಣ್ಣು ನೋಡಿ. "ಕಣ್ಣು ಪೋಚ್ಚುನಾ, ಕಣ್ಣೇ ಹೋದ್ರೆ ಯಾರು ನೋಡ್ತಾರೆ? ಸಾರಿ ಸೊಲ್ಲಿಡಲಾಂ. ತಿಳೀದೆ ಆಯ್ತು ಅಂತ."

"ಸಾರಿ ನೀ ಹೇಳೂವಂತಿ. ನನಗ ಇಂಗ್ಲಿಷ್ ಎಲ್ಲಿ ಬರ್ತೈತಿ. ಮಂಗಳವಾರ ಆಕಿ ಬರ್ತಾಳ, ರಜಾ ಹಾಕು."

ತೂತು ನೋಡಬೇಡ ಎಂದಿದ್ದಳು ಅತ್ತೆ. ಈಗ ನೋಡದೆ ದಾರಿಯಿರಲಿಲ್ಲ. ತನ್ನ ಎಳೆ ಬಿಡಿಸಿದ ಕಡೆಯೆಲ್ಲ ಇನ್ನೊಬ್ಬಳು ಕತ್ತರಿಸಿದ ತುದಿ ತೆರೆದುಕೊಳ್ಳುತ್ತಿತ್ತು. ಹುಳ ಎಂದುಕೊಂಡಾಗ ಒಂದೇ ಥರ ಕಂಡ ತುದಿಗಳು ಈಗ ಬೇರೆ ಬೇರೆ ಕಂಡವು. ನಟ್ಟನಡುವೆ ಆ ಅಜ್ಜಿ ಒಂದೇ ಏಟಿಗೆ ಕತ್ತರಿಸಿದ್ದಳು, ಕೈ ನಿಶ್ಚಯವಾಗಿತ್ತು. ಮುಂದೆ ಒಂದು ಕಡೆ ಎರಡೆರಡು ಗಾಯ. ಬ್ಲೇಡು ಮೊಂಡಾಗಿರಬೇಕು. ಬಲ ಅಂಚಿನ ಹತ್ತಿರ ಬಾಚಣಿಗೆಯ ಹಲ್ಲುಗಳು ಸ್ವಲ್ಪ ವಾಲಿದ್ದವು, ಸಂಜೆಯಾಗಿ ಬೆಳಕು ಸಾಲದೆ ಬಟ್ಟೆಯನ್ನು ಬಾಗಿಲ ಕಡೆ ತಿರುಗಿಸಿಕೊಂಡವಳ ಹಾಗೆ. ಸುವರ್ಣಮ್ಮನೂ ಎಷ್ಟೋ ಸಂಜೆ ಹಾಗೇ ತಿರುಗಿಸಿಕೊಂಡಿದ್ದಳು. ಅತ್ತೆಯೂ.

ಇಲ್ಲಿ ಯಾರೋ ನೂಲು ತುಂಬಿ ನೇಯ್ದರು. ಅದು ಹಡಗೇರಿ ಹೋಯಿತು. ಅಲ್ಲೊಬ್ಬಳು ಕೂತು ಅದರಿಂದ ನೂಲು ತೆಗೆದಳು. ಇವಳಿಗೆ ಅವಳ ಹೆಸರು ಗೊತ್ತಿಲ್ಲ, ಅವಳಿಗೆ ಇವಳ ಮೇಜು ಗೊತ್ತಿರಲಿಲ್ಲ. ನಡುವೆ ವ್ಯಾಪಾರಿಗಳು, ಹಡಗುಗಳು, ಮುದ್ರೆ ಒತ್ತಿದ ಗಂಟುಗಳು ಅಷ್ಟೇ ಓಡಾಡಿದ್ದವು. ಆ ಗಂಟಿನ ಹಿಂದೆ ಒಬ್ಬಳು ಹೆಂಗಸು ಕೂತಿರಬಹುದೆಂದು ಸುವರ್ಣಮ್ಮನಿಗೆ ಯಾವತ್ತೂ ಹೊಳೆದಿರಲಿಲ್ಲ.

ಸೋಮವಾರ ಬೆಳಗಿನ ಹೊತ್ತಿಗೆ ಒಂದು ಮೂಲೆ ಬಿಟ್ಟು ಎಲ್ಲ ಬಿಚ್ಚಿ ಆಗಿತ್ತು. ಆ ಮೂಲೆಯಲ್ಲಿ ಬೆರಳು ಜಾರಿತು. ಬಾಲ ಸಿಗಲಿಲ್ಲ. ಅವಳಿಗೆ ನೆನಪಾಯಿತು. ಬಟ್ಟೆ ಬಿಡಿಸಿದವರು ಮೊದಲು ನೋಡುವುದು ಮೂಲೆಯನ್ನು. ಅದಕ್ಕೇ ಅಲ್ಲಿ ಬಾಲಗಳನ್ನೆಲ್ಲ ನುಣ್ಣಗೆ ಕತ್ತರಿಸಿ, ಹಿತ್ತಾಳೆ ಚಮಚದ ಬೆನ್ನಿನಿಂದ ಉಜ್ಜಿ ಉಜ್ಜಿ ಎಳೆಗಳನ್ನು ಕೂಡಿಸಿಬಿಟ್ಟಿದ್ದಳು. ಯಾವುದು ತಾನು ಹಾಕಿದ ಎಳೆ, ಯಾವುದು ಮಗ್ಗದ್ದು, ಅವಳಿಗೇ ತಿಳಿಯಲಿಲ್ಲ. ರುದ್ರೇಶನ ಫೋಟೋದಲ್ಲಿ ಆ ಮೂಲೆ ಮಡಿಕೆಯೊಳಗೆ ಸೇರಿಹೋಗಿತ್ತು. ಅಲ್ಲೊಂದು ಬಾಚಣಿಗೆ ಇತ್ತೆಂದು ಸಾಲಿನ ಲೆಕ್ಕ ಹೇಳುತ್ತಿತ್ತು. ಆದರೆ ಲೆಕ್ಕ ನಂಬಿ ಕತ್ತರಿಸಿ, ಅದು ಮಗ್ಗದ ಎಳೆಯೇ ಆಗಿದ್ದರೆ?

"ಬಡದು ನೋಡೇನು?" ಎಂದ ಗಂಗಾಧರಪ್ಪ, ಬೆರಳು ಮಡಚಿ ಬಟ್ಟೆಯ ಮೇಲೆ ತಟ್ಟುವ ಹಾಗೆ ಮಾಡಿ. ಕಾಂಪೌಂಡಿನಾಚೆ ಆಗಲೇ ಗಾಲಿಗಳ ಸದ್ದು ಶುರುವಾಗಿತ್ತು.

ಆಗ ಮಾತ್ರ ಅವಳಿಗೆ ಸ್ವಲ್ಪ ನಗು ಬಂತು. ಸೂಜಿಯನ್ನು ಕುಪ್ಪಸಕ್ಕೆ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿ ಗೋಡೆಗೆ ಒರಗಿದಳು. "ಹಂಗೇ ಇರಲಿ ಬಿಡ್ರಿ. ನಾನೇ ಹೇಳ್ತೀನಿ ಆಕಿಗೆ."

ಮಂಗಳವಾರ ಇಬಿಸೋ ಬಂದಳು. ಎತ್ತರದ ಹೆಂಗಸು, ಕಪ್ಪು ಉಡುಪು, ಕಾಲು ಊದಿಕೊಂಡಿತ್ತು. ಮೆಟ್ಟಿಲು ಹತ್ತಿದ ಏದುಸಿರು ತಗ್ಗುವವರೆಗೆ ಕುರ್ಚಿಯಲ್ಲಿ ಸುಮ್ಮನೆ ಕೂತಳು. ರುದ್ರೇಶ ಕೆಳಗಿನ ಹೋಟೆಲಿನಿಂದ ಕಾಫಿ ತರಿಸಿದ. ಆಮೇಲೆ ಹೊಸ ಥಾನು ಮುಂದಿಟ್ಟ. ಇಬಿಸೋ ಅದನ್ನು ಮೂಸಿದಳು. ಅಂಚನ್ನು ಎತ್ತಿ ನಾಲಿಗೆಯ ತುದಿಗೆ ತಾಗಿಸಿದಳು. ತಲೆಯಾಡಿಸಿದಳು. ಇಷ್ಟು ವರ್ಷ ಬರೀ ಕೇಳಿದ್ದನ್ನು ಸುವರ್ಣಮ್ಮ ಕಣ್ಣಾರೆ ಕಂಡಳು.

"ಹಳೇದು?" ಎಂದು ಇಂಗ್ಲಿಷಿನಲ್ಲಿ ಕೇಳಿದಳು ಇಬಿಸೋ.

ರುದ್ರೇಶ ಚಿಗವ್ವನ ಕಿವಿಯ ಹತ್ತಿರ ಬಗ್ಗಿದ. "ಮೂಲಿ ತೋರಸಬ್ಯಾಡ್ರಿ. ಇಷ್ಟರಾಗ ಒಂದು ಬಾಚಣಿಕಿ ಯಾರು ನೋಡ್ತಾರ?"

ಸುವರ್ಣಮ್ಮ ಮೇಜಿನ ಮೇಲೆ ಬಟ್ಟೆ ಹಾಸಿ, ಆ ಮೂಲೆಯನ್ನೇ ಇಬಿಸೋಳ ಕಡೆ ತಿರುಗಿಸಿದಳು. "ಹೇಳು," ಎಂದಳು ಮಗಳಿಗೆ. "ನಾನು ಇದನ್ನ ಹುಳಾ ತಿಂದೈತಿ ಅನ್ಕೊಂಡೆ. ಎಲ್ಲಾ ತುಂಬಿದೆ. ತಿಳಿದ ಮ್ಯಾಲ ಎಲ್ಲಾ ಬಿಚ್ಚಿದೆ. ಇಲ್ಲಿ ಒಂದು ಬಿಚ್ಚಾಕ ಆಗಲಿಲ್ಲ. ಹಿಂಗೇ ಹೇಳು, ಒಂದೂ ಬಿಡಬ್ಯಾಡ."

ಶರಣ್ಯಾ ಹೇಳಿದಳು. ಇಬಿಸೋ ಬಹಳ ಹೊತ್ತು ಬಟ್ಟೆಯನ್ನೇ ನೋಡಿದಳು. ಅಂಗೈಯನ್ನು ಅದರ ಕೆಳಗೆ ಹಾಕಿ ಎತ್ತಿದಳು. ತೂತುಗಳೊಳಗಿಂದ ಅವಳ ಅಂಗೈ ಕಂಡಿತು. ಆಮೇಲೆ ದನಿ ಎತ್ತರಿಸದೆ ಏನೋ ಅಂದಳು.

"ಪರವಾಯಿಲ್ಲೆ ಅಂತಾಳೆ," ಎಂದಳು ಶರಣ್ಯಾ.

"ಆಕಿ ಹಂಗ ಅಂದಿಲ್ಲ. ಮಾರಿ ನೋಡಿದ್ರ ತಿಳೀತೈತಿ. ಸರಿಯಾಗಿ ಹೇಳು."

ಶರಣ್ಯಾ ತಾಯಿಯ ಕಡೆ ತಿರುಗಿದಳು. "ನಮ್ಮ ಅಜ್ಜಿ ಕೆಲಸ ನಿಮಗೆ ಹುಳದ ಕೆಲಸ ಥರ ಕಂಡಿತಾ ಅಂತ ಕೇಳ್ತಾಳೆ."

"ಹೌದು," ಎಂದಳು ಸುವರ್ಣಮ್ಮ. "ಕಂಡಿತ್ತು. ಹೌದಂತ ಹೇಳು."

ಅದನ್ನು ಇಂಗ್ಲಿಷಿಗೆ ತಿರುಗಿಸಬೇಕಾಗಿರಲಿಲ್ಲ. ಇಬಿಸೋ ತಲೆ ತಗ್ಗಿಸಿದ ರೀತಿಯಲ್ಲಿ ಉತ್ತರ ತಲುಪಿದ್ದು ಗೊತ್ತಾಯಿತು. ಆಮೇಲೆ ಬ್ಲೇಡು ಕೇಳಿದಳು. ರುದ್ರೇಶ ಡ್ರಾಯರಿನಿಂದ ತೆಗೆದುಕೊಟ್ಟ. ಅವಳು ಮೂಲೆಯ ಮೇಲೆ ಬಗ್ಗಿ, ಬಿಳಿ ಎಳೆಯೊಂದರ ಮೇಲೆ ಬ್ಲೇಡಿನ ತುದಿ ಇಟ್ಟಳು. ತೆಗೆದಳು. ಇನ್ನೊಂದು ಕಡೆ ಇಟ್ಟು ನೋಡಿದಳು. ಕೊನೆಗೆ ಕತ್ತರಿಸದೆಯೇ ಬ್ಲೇಡನ್ನು ಮೇಜಿನ ಮೇಲಿಟ್ಟು, ಅಂಗೈಯಿಂದ ಹಣೆ ಒತ್ತಿಕೊಂಡಳು.

ಕತ್ತರಿಸುವುದು ಅವಳಿಗೆ ಬರುವುದಿಲ್ಲವಂತೆ. ಶರಣ್ಯಾ ಈಗ ತಮಿಳು, ಕನ್ನಡ ಎರಡನ್ನೂ ಕಲಸಿ ಹೇಳತೊಡಗಿದಳು, ಆದರೆ ಯಾವುದನ್ನೂ ಬಿಡಲಿಲ್ಲ. ಅಜ್ಜಿ ಬಾಗಿಲ ಬಳಿ ಕೂತು ಕತ್ತರಿಸುತ್ತಿದ್ದಳು. ತಾಯಿ ಕಲಿಯಲಿಲ್ಲ, ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಇಬಿಸೋ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ. ಅಜ್ಜಿ ಹೋದ ಮೇಲೆ ಆ ಮನೆಯಲ್ಲಿ ಯಾರೂ ಬ್ಲೇಡು ಹಿಡಿದಿಲ್ಲ. ಊರಿನಲ್ಲಿ ಬಲ್ಲವರು ಒಬ್ಬಿಬ್ಬರು ಇದ್ದಾರೆ, ಆದರೆ ಅವರ ಕೈ ಬೇರೆ, ಅಜ್ಜಿಯ ಕೈ ಬೇರೆ.

"ಬೇರೆ ಇರ್ತೈತಿ," ಎಂದಳು ಸುವರ್ಣಮ್ಮ.

ಇಬಿಸೋ ಎದ್ದು ಬಟ್ಟೆ ಮಡಚತೊಡಗಿದಳು. ಮುಚ್ಚಿಹೋದ ಮೂಲೆಯನ್ನು ಒಳಕ್ಕೆ ಹಾಕಿದಳು. ಶರಣ್ಯಾಳಿಗೆ ಏನೋ ಹೇಳಿದಳು.

"ಮಂಚದ ಒಂದು ಕಡೆ ಗೋಡೆ ಇರತ್ತಂತೆ. ಈ ಮೂಲೆ ಗೋಡೆ ಕಡೆ ಹಾಕ್ತೀನಿ ಅಂತಾಳೆ."

ಸುವರ್ಣಮ್ಮ ತಲೆಯಾಡಿಸಿದಳು. ನೆಂಟರು ಬಂದಾಗ ಅವಳೂ ಚಾದರದ ಕಲೆಯನ್ನು ಗೋಡೆಯ ಕಡೆಗೇ 
ಹಾಕುತ್ತಿದ್ದಳು. ಎದೆಯ ಮೇಲಿದ್ದ ಭಾರ ಇಳಿಯಲಿಲ್ಲ. ಎತ್ತಿಕೊಂಡು ನಡೆಯಬಹುದಾದಷ್ಟಕ್ಕೆ ಬಂತು. ಮೇಜಿನ ಮೇಲಿನ ತನ್ನ ಕನ್ನಡಕ, ಸೂಜಿಡಬ್ಬಿ, ನೀರಿನ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡಳು.

ಆಗ ಇಬಿಸೋ ಹೊಸ ಥಾನಿನ ಮೇಲೆ ಕೈಯಿಟ್ಟು ಇನ್ನೇನೋ ಕೇಳಿದಳು. ಈ ಸಲ ನೇರವಾಗಿ ಸುವರ್ಣಮ್ಮನ ಮುಖ ನೋಡಿ.

"ಅಮ್ಮಾ," ಎಂದಳು ಶರಣ್ಯಾ, "ಅಜ್ಜಿ ಒಂದೊಂದು ಎಳೆ ಎಲ್ಲೆಲ್ಲಿ ಕತ್ತರಿಸಿದ್ಲು ಅಂತ ಈಗ ನಿನಗೊಬ್ಬಳಿಗೇ ಗೊತ್ತು ಅಂತಾಳೆ. ತುಂಬಿದ್ದೂ ನೀನು, ಬಿಚ್ಚಿದ್ದೂ ನೀನು. ಈ ಹೊಸದರಲ್ಲಿ ಒಂದು ಸಾಲು ಕತ್ತರಿಸಿ ಕೊಡ್ತೀಯಾ ಅಂತ. ಒಂದೇ ಸಾಲು."

ರುದ್ರೇಶನ ಮುಖ ಬೆಳಗಿತು. "ಚಿಗವ್ವಾ, ಇದು ಛಲೋ ಐಡಿಯಾ ನೋಡ್ರಿ. ನಾವೇ ಇಲ್ಲೇ ಕತ್ತರಿಸಿ ಕಳಿಸಿದ್ರ..."

"ನೀ ಸುಮ್ಮನಿರು. ನಿನ್ನ ಅಂಗಡಿ ಬಟ್ಟಿ ಮಾರಲಿ," ಎಂದಳು ಸುವರ್ಣಮ್ಮ. ಚೀಲ ಹೆಗಲಿಗೆ ಏರಿಸಿದಳು. ಕಿಟಕಿಯ ಬೆಳಕು ಕಣ್ಣಿಗೆ ಹಾಲಿನ ಹಾಗೆ ಚೆಲ್ಲಿತ್ತು. ಇಬಿಸೋ ಒಂದು ಕಪ್ಪು ಆಕಾರವಾಗಿ ನಿಂತಿದ್ದಳು, ಥಾನಿನ ಮೇಲೆ ಕೈ ಹಾಗೇ ಇತ್ತು. ಸುವರ್ಣಮ್ಮನಿಗೆ ಮನೆಗೆ ಹೋಗಿ ಫ್ಯಾನಿನ ಕೆಳಗೆ ನೆಲದ ಮೇಲೆ ಮಲಗಬೇಕೆನಿಸುತ್ತಿತ್ತು. ಎಷ್ಟು ಹೊತ್ತಾದರೂ ಯಾರೂ ಎಬ್ಬಿಸಬಾರದು.

"ಅದು ನನ್ನ ಕೆಲಸ ಅಲ್ಲ ಅಂತ ಹೇಳು. ನಾನು ತುಂಬಾಕಿ, ಕತ್ತರಿಸಾಕಿ ಅಲ್ಲ." ಅವಳು ಮೆಟ್ಟಿಲ ಕಡೆ ತಿರುಗಿದಳು. ಶರಣ್ಯಾ ಮಾತು ತಿರುಗಿಸಲು ಬಾಯಿ ತೆರೆಯುವಷ್ಟರಲ್ಲಿ ಕಟಕಟೆ ಹಿಡಿದು ಒಂದು ಮೆಟ್ಟಿಲು ಇಳಿದು ನಿಂತಳು. "ಆಕಿ ಕೈಯಾಗ ಬ್ಲೇಡ್ ಕೊಡು. ನಾಳಿ ಬೆಳಿಗ್ಗೆ ಬೆಳಕಿದ್ದಾಗ ಬರಾಕ ಹೇಳು, ಆಕಿ ಕತ್ತರಸ್ಲಿ, ನಾನು ಬಾಜೂಕ ಕುಂದರ್ತೀನಿ. ಅವರಜ್ಜಿ ಮೊದಲು ನಡುವಿಂದ ಹಿಡೀತಿದ್ಲು, ಅಂಚಿನಿಂದ ಅಲ್ಲ. ಸೂಜಿಲೆ ಎಳಿ ಎತ್ತಿ, ಬ್ಲೇಡನ್ನ ತನ್ನ ಕಡೆ ತಿರುಗಿಸಿ," ಎನ್ನುತ್ತ ಇನ್ನೊಂದು ಮೆಟ್ಟಿಲು ಇಳಿದಳು, "ಎಡಗೈ ಹೆಬ್ಬಟ್ಟಿನಾಗ ಬಟ್ಟಿ ಬಿಗಿ ಹಿಡದು, ಒಂದೇ ಏಟಿಗೆ ಕತ್ತರಿಸಿ, ಆಮ್ಯಾಲ ಎರಡನೇ ಎಳಿಗೆ ಹೋಗ್ತಿದ್ಲು."